ಕೊಡಚಾದ್ರಿಯ ಕಂಬದಿಂದ ಹೊಳೆಬಾಗಿಲಿನವರೆಗೆ: ಬೆಸುಗೆಯ ಒಂದು ಚರಿತ್ರೆ

ಸಾಗರದಿಂದ ಪಶ್ಚಿಮಕ್ಕೆ ಹೊರಟು, ಹೊಳೆಬಾಗಿಲಿನಲ್ಲಿ ಶರಾವತಿಯ ಹಿನ್ನೀರು ದಾಟಿ, ತುಮರಿ, ಬ್ಯಾಕೋಡುಗಳನ್ನು ಹಾದು ಮುಂದೆ ಹೋದರೆ ಕೊಡಚಾದ್ರಿಯ ಬುಡ ಸಿಗುತ್ತದೆ. ಜನ ಇದನ್ನು ಸಿಗಂದೂರಿನ ದಾರಿ, ಕೊಲ್ಲೂರಿನ ದಾರಿ ಎಂದು ಬಲ್ಲರು. ಇದನ್ನೇ ಕಬ್ಬಿಣದ ದಾರಿ ಎಂದೂ ಕರೆಯಬಹುದು. ಒಂದು ತುದಿಯಲ್ಲಿ ಹಿಂದಿನ ಕಾಲದ ಕಮ್ಮಾರರು ಬಡಿದು ಬೆಸೆದ ಕಬ್ಬಿಣದ ಕಂಬವಿದೆ. ನಡುವೆ ಒಂದು ದೊಡ್ಡ ಕೆರೆಯಿದೆ. ಅದರ ನೀರು ಉಕ್ಕಿನ ಕೊಳವೆಗಳಲ್ಲಿ ಇಳಿದು ನಾಡಿಗೆಲ್ಲ ದೀಪ ಹಚ್ಚಿತು. ಆ ನೀರಿನ ಮೇಲೆ ಅರವತ್ತು ವರ್ಷಗಳ ಕಾಲ ಜನರನ್ನೂ ಬಸ್ಸುಗಳನ್ನೂ ಹೊತ್ತ ಲಾಂಚು ಓಡಾಡಿತು. ಇನ್ನೊಂದು ತುದಿಯಲ್ಲಿ, ಸಾಗರದ ಪೇಟೆಯಲ್ಲಿ, ಸಂಜೆ ಹೊತ್ತಿಗೆ ನೀಲಿ ಬೆಳಕು ಮಿಂಚುವ ವೆಲ್ಡಿಂಗ್ ಶಾಪುಗಳಿವೆ. ಕೆಳದಿ ಅರಸರ ಬಗ್ಗೆ, ಇಕ್ಕೇರಿಯ ಶಿಲ್ಪಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರವಣಿಗೆ ಇದೆ. ಕಬ್ಬಿಣಕ್ಕೆ ಕಬ್ಬಿಣ ಬೆಸೆದವರ ಬಗ್ಗೆ ಒಂದು ಪುಟವಾದರೂ ಬರೆಯಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಕಂಬದಿಂದಲೇ ಆರಂಭಿಸೋಣ. ಹೊಸನಗರ ತಾಲ್ಲೂಕಿನ ಕೊಡಚಾದ್ರಿ ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಬೆಟ್ಟ. ಅಲ್ಲಿನ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದು ನಿಂತಿದೆ. ಒಟ್ಟು ಉದ್ದ ಸುಮಾರು 14 ಮೀಟರ್ ಎನ್ನುತ್ತಾರೆ. ದೆಹಲಿಯ ಕುತುಬ್ ಮಿನಾರ್ ಪಕ್ಕದ ಕಂಬದಷ್ಟು ದಪ್ಪವಿಲ್ಲ, ಅದಕ್ಕೆ ಸಿಕ್ಕ ಹೆಸರೂ ಇದಕ್ಕೆ ಸಿಗಲಿಲ್ಲ. ಆದರೆ ದೆಹಲಿಯ ಕಂಬ ಒಣ ಹವೆಯಲ್ಲಿ ನಿಂತಿದೆ. ಇದು ನಿಂತಿರುವುದು ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದೆ ಮಳೆ ಹೊಡೆಯುವ, ಅರಬ್ಬೀ ಸಮುದ್ರದ ಗಾಳಿ ನೇರವಾಗಿ ಬೀಸುವ ಬೆಟ್ಟದ ಮೇಲೆ. ಅಂಗಳದಲ್ಲಿ ಮರೆತ ಕತ್ತಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಹೋಗುವುದನ್ನು ಕಂಡ ಮಲೆನಾಡಿನವರಿಗೆ ಇದು ಎಂಥ ಸಂಗತಿ ಎಂದು ಬಿಡಿಸಿ ಹೇಳಬೇಕಿಲ್ಲ. ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಈ ಕಂಬದ ಬಗ್ಗೆ 1990ರ ದಶಕದ ಕೊನೆಯಲ್ಲಿ ಬರೆದರು. ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರ ಮತ್ತು ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನವರು ಬೆಟ್ಟ ಹತ್ತಿ ಅದನ್ನು ಪರೀಕ್ಷಿಸಿದರು. ಇದು ಎರಕ ಹೊಯ್ದ ಕಂಬವಲ್ಲ. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣದ ಮುದ್ದೆಗಳನ್ನು ಒಂದರ ಮೇಲೊಂದು ಇಟ್ಟು, ಬಡಿದು ಬಡಿದು ಒಂದಾಗಿಸಿದ್ದು.

ಹಾಗೆ ಒಂದಾಗಿಸುವುದಕ್ಕೇ ಕನ್ನಡದಲ್ಲಿ ಬೆಸುಗೆ ಎಂಬ ಮಾತಿದೆ. ಎರಡು ಮನಸ್ಸುಗಳು ಕೂಡುವುದಕ್ಕೂ ನಾವು ಇದೇ ಮಾತನ್ನು ಬಳಸುತ್ತೇವೆ. ಆದರೆ ಕಬ್ಬಿಣದ ಬೆಸುಗೆ ಅಷ್ಟು ಸುಲಭದ್ದಲ್ಲ. ಕಬ್ಬಿಣ ಕೆಂಪಗೆ ಕಾದ ಕೂಡಲೇ ಗಾಳಿಯಲ್ಲಿರುವ ಆಮ್ಲಜನಕ ಅದರ ಮೈಮೇಲೆ ಕುಳಿತು ಹಕ್ಕಳೆ ಕಟ್ಟಿಸುತ್ತದೆ. ಆ ಹಕ್ಕಳೆ ನಡುವೆ ಉಳಿದರೆ ಎಷ್ಟು ಬಡಿದರೂ ಎರಡು ತುಂಡು ಎರಡಾಗಿಯೇ ಇರುತ್ತವೆ. ಆದ್ದರಿಂದ ಕಮ್ಮಾರ ಕಬ್ಬಿಣವನ್ನು ಬೆಳ್ಳಗಾಗುವಷ್ಟು ಕಾಯಿಸಿ, ಅದರ ಮೇಲೆ ನುಣ್ಣನೆಯ ಮರಳು ಉದುರಿಸುತ್ತಿದ್ದ. ಮರಳು ಹಕ್ಕಳೆಯೊಂದಿಗೆ ಸೇರಿ ಕರಗಿ ಗಾಜಿನಂಥ ಪೊರೆಯಾಗುತ್ತದೆ. ಸುತ್ತಿಗೆಯ ಏಟಿಗೆ ಆ ಪೊರೆ ಕಿಟ್ಟವಾಗಿ ಹೊರಗೆ ಚಿಮ್ಮುತ್ತದೆ, ಒಳಗಿನ ಶುದ್ಧ ಕಬ್ಬಿಣ ಶುದ್ಧ ಕಬ್ಬಿಣಕ್ಕೆ ಅಂಟುತ್ತದೆ. ಗಾಳಿಯನ್ನು ದೂರ ಇಡುವುದೇ ಬೆಸುಗೆಯ ಗುಟ್ಟು. ಮುಂದೆ ಬಂದ ವಿದ್ಯುತ್ ವೆಲ್ಡಿಂಗ್ ಆಗಲಿ, ಗ್ಯಾಸ್ ಹೊದಿಸಿ ಮಾಡುವ ವೆಲ್ಡಿಂಗ್ ಆಗಲಿ ಈ ಒಂದು ಗುಟ್ಟಿನ ಮುಂದುವರಿಕೆಯೇ ಹೊರತು ಬೇರೇನಲ್ಲ.

ವಿದ್ಯುತ್ತಿನ ಕಥೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಂಫ್ರಿ ಡೇವಿ ಎರಡು ಇದ್ದಿಲು ಕಡ್ಡಿಗಳ ನಡುವೆ ಕಿಡಿಯ ಕಮಾನು ಹಾರಿಸಿದಲ್ಲಿಂದ ಶುರುವಾಗುತ್ತದೆ. ಆ ಕಮಾನನ್ನೇ ಇಂಗ್ಲಿಷಿನಲ್ಲಿ ಆರ್ಕ್ ಎಂದರು. ಅದರ ಶಾಖ ಐದಾರು ಸಾವಿರ ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗುವುದಕ್ಕೆ ಸುಮಾರು 1,500 ಡಿಗ್ರಿ ಸಾಕು. ರಷ್ಯಾದ ನಿಕೊಲಾಯ್ ಬೆನಾರ್ಡೋಸ್ 1880ರ ದಶಕದಲ್ಲಿ ಇದ್ದಿಲು ಕಡ್ಡಿಯಿಂದ ಲೋಹ ಕರಗಿಸಿ ಕೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1888ರಲ್ಲಿ ಅದೇ ದೇಶದ ಸ್ಲಾವ್ಯಾನೊವ್, ಕಡ್ಡಿಯೇ ಲೋಹದ್ದಾಗಿದ್ದು ಅದೇ ಕರಗಿ ಸಂದಿಯನ್ನು ತುಂಬುವಂತೆ ಮಾಡಿದ. ಇಂದು ನಮ್ಮ ಶಾಪುಗಳಲ್ಲಿ ರಾಡ್ ಎನ್ನುವುದರ ಅಜ್ಜ ಅದು. ಆದರೆ ಆ ಬರಿಯ ರಾಡಿನ ಬೆಸುಗೆ ಒಣ ರೊಟ್ಟಿಯಂತೆ ಮುರಿಯುತ್ತಿತ್ತು. ಕಾರಣ ಅದೇ ಗಾಳಿ. ಕರಗಿದ ಉಕ್ಕಿನೊಳಗೆ ಆಮ್ಲಜನಕ, ಸಾರಜನಕ ಎರಡೂ ನುಗ್ಗಿ ಅದನ್ನು ಪೆಡಸಾಗಿಸುತ್ತಿದ್ದವು.

ಇದಕ್ಕೆ ಪರಿಹಾರ ಕಂಡವನು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಹಡಗುಗಳ ಬಾಯ್ಲರ್ ರಿಪೇರಿ ಮಾಡುತ್ತಿದ್ದ ಆಸ್ಕರ್ ಶೆಲ್‌ಬರಿ. ಅವನು 1904ರಲ್ಲಿ ಕಟ್ಟಿದ ಕಂಪನಿ ಈಸಾಬ್ ಎಂಬ ಹೆಸರಿನಲ್ಲಿ ಇವತ್ತಿಗೂ ಇದೆ. ಕಬ್ಬಿಣದ ತಂತಿಯನ್ನು ಖನಿಜಗಳ ಗಟ್ಟಿ ಸರಿಯಲ್ಲಿ ಅದ್ದಿ ಒಣಗಿಸಿದ ರಾಡಿಗೆ ಅವನು 1907ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಆರ್ಕ್ ಹೊತ್ತಿದಾಗ ಈ ಲೇಪ ಉರಿದು ಹೊಗೆಯ ಮೋಡವಾಗಿ ಕರಗಿದ ಲೋಹದ ಸುತ್ತ ನಿಲ್ಲುತ್ತದೆ, ಉಳಿದದ್ದು ಕಿಟ್ಟವಾಗಿ ಮೇಲೆ ತೇಲಿ ಮುಚ್ಚಳ ಹಾಕುತ್ತದೆ. ಕಮ್ಮಾರನ ಮರಳು ರಾಡಿನ ಮೈಗೇ ಅಂಟಿಕೊಂಡು ಬಂದ ಹಾಗೆ. ಕೆಲ ವರ್ಷಗಳಲ್ಲಿ ಇಂಗ್ಲೆಂಡಿನ ಸ್ಟ್ರೋಮೆಂಗರ್ ಎಂಬವನು ಲೇಪದ ಬದಲು ನೀಲಿ ಆಸ್ಬೆಸ್ಟಾಸ್ ನೂಲನ್ನು ರಾಡಿಗೆ ಸುತ್ತಿದ. ಬೆಸುಗೆ ಚೆನ್ನಾಗಿಯೇ ಬಂತು. ಆ ನೀಲಿ ನೂಲಿನ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಜಾತಿಗಳಲ್ಲೇ ಅತ್ಯಂತ ಅಪಾಯದ್ದು ಎಂದು ತಿಳಿದದ್ದು ಬಹಳ ತಡವಾಗಿ. ವೆಲ್ಡಿಂಗ್ ಚರಿತ್ರೆಯ ಪುಸ್ತಕಗಳು ಸ್ಟ್ರೋಮೆಂಗರನ ರಾಡನ್ನು ಒಂದು ಮುನ್ನಡೆ ಎಂದು ಬರೆದು ಮುಂದೆ ಹೋಗುತ್ತವೆ. ಆ ರಾಡು ಹಿಡಿದವರ ಎದೆ ಏನಾಯಿತು ಎಂಬುದು ಬೇರೆ ಇಲಾಖೆಯ ಪುಸ್ತಕಗಳಲ್ಲಿದೆ.

ಗ್ಯಾಸಿನದು ಇನ್ನೊಂದು ಕವಲು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಹೊರಡುತ್ತದೆ. ಅದನ್ನು ಆಮ್ಲಜನಕದೊಂದಿಗೆ ಉರಿಸಿದರೆ ಮೂರು ಸಾವಿರ ಡಿಗ್ರಿ ದಾಟುವ ಜ್ವಾಲೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನಿಂದ ಬಂದ ಈ ವಿಧಾನಕ್ಕೆ ಕರೆಂಟೇ ಬೇಡ. ಹೀಗಾಗಿ ಕರೆಂಟಿಲ್ಲದ ಊರುಗಳಿಗೆ ಮೊದಲು ಬಂದದ್ದು ಗ್ಯಾಸ್ ವೆಲ್ಡಿಂಗೇ. ಇನ್ನು ಗ್ಯಾಸನ್ನೇ ಹೊದಿಕೆಯಾಗಿ ಬಳಸುವ ವಿಧಾನ ಎರಡನೆಯ ಮಹಾಯುದ್ಧದ ಕೂಸು. ವಿಮಾನಕ್ಕೆ ಬೇಕಾದ ಮೆಗ್ನೀಸಿಯಂ ಹಗುರ, ಆದರೆ ಕರಗಿದಾಗ ಗಾಳಿ ತಾಗಿದರೆ ಹೊತ್ತಿಕೊಳ್ಳುವ ಲೋಹ. 1941ರಲ್ಲಿ ಅಮೆರಿಕದ ನಾರ್ತ್‌ರಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್, ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹಾರಿಸಿ, ಸುತ್ತ ಹೀಲಿಯಂ ಹರಿಸಿ ಅದನ್ನು ಬೆಸೆದ. ಹೀಲಿಯಂ ಬದಲು ಆರ್ಗಾನ್ ಹರಿಸಿದ್ದನ್ನು ನಮ್ಮ ಪೇಟೆಯಲ್ಲಿ ಇಂದು ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ. ಸ್ಟೀಲ್ ರೇಲಿಂಗುಗಳ ನುಣುಪಾದ ಕೂಡುಗಳೆಲ್ಲ ಅದರವೇ. 1948ರಲ್ಲಿ ತಂತಿಯೇ ಯಂತ್ರದಿಂದ ತಾನಾಗಿ ಇಳಿದು ಬರುವ ವಿಧಾನ ಬಂತು. 1950ರ ದಶಕದಲ್ಲಿ ಅಗ್ಗದ ಕಾರ್ಬನ್ ಡೈಆಕ್ಸೈಡನ್ನೇ ಹೊದಿಕೆ ಮಾಡಿಕೊಳ್ಳಬಹುದೆಂದು ಸೋವಿಯತ್ ತಜ್ಞರು ತೋರಿಸಿದರು. ಬಸ್ ಬಾಡಿ ಕಟ್ಟುವವರ ಬಾಯಲ್ಲಿ ಅದು ಸಿಓಟೂ ವೆಲ್ಡಿಂಗ್.

ಈಗ ನಮ್ಮ ಹೊಳೆಗೆ ಬರೋಣ. ಜೋಗದ ಮೊದಲ ದೊಡ್ಡ ವಿದ್ಯುತ್ ಯೋಜನೆ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾಗಿದ್ದಾಗ, 1939ರಲ್ಲಿ ಕೈಗೆತ್ತಿಕೊಂಡದ್ದು. ಕರೆಂಟು ಹೊರಟದ್ದು 1948ರಲ್ಲಿ. ಅದಕ್ಕೆ ನೀರು ಕೂಡಿಡಲು ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯನ್ನು 1964ರಲ್ಲಿ ಲಿಂಗನಮಕ್ಕಿ ಮುಳುಗಿಸಿತು. ಎತ್ತರದಿಂದ ಯಂತ್ರಕ್ಕೆ ನೀರಿಳಿಸುವ ಉಕ್ಕಿನ ಕೊಳವೆಗೆ ಪೆನ್‌ಸ್ಟಾಕ್ ಎನ್ನುತ್ತಾರೆ. ಹಿಂದೆ ಪೆನ್‌ಸ್ಟಾಕುಗಳನ್ನು ತಗಡಿನ ಮೇಲೆ ತಗಡಿಟ್ಟು ರಿವೆಟ್ ಬಡಿದು ಮಾಡುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟೆಗೆ ವೆಲ್ಡಿಂಗಿನಿಂದಲೇ ಭಾರೀ ಕೊಳವೆಗಳನ್ನು ಮಾಡಿ, ಪ್ರತಿ ಬೆಸುಗೆಯನ್ನೂ ಎಕ್ಸ್‌ರೇ ಹಿಡಿದು ನೋಡಿದ ಮೇಲೆ ರಿವೆಟ್ಟಿನ ಕಾಲ ಮುಗಿಯುತ್ತ ಬಂತು. ತಳಕಳಲೆಯಿಂದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುವ ನೀರಿನ ಎತ್ತರ ಸುಮಾರು 440 ಮೀಟರ್. ಲೆಕ್ಕ ಹಾಕಿದರೆ ಕೊಳವೆಯ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 44 ಕಿಲೋ ಒತ್ತಡ; ಒಂದು ಅಂಗೈಯಗಲದ ಮೇಲೆ ನಾಲ್ಕು ಟನ್ನಿಗೂ ಹೆಚ್ಚು. ಇಷ್ಟನ್ನು ತಡೆಯುವುದು ಒಂದು ಬೆಸುಗೆಯ ಗೆರೆ. ಅಂಥ ಗೆರೆ ಹಾಕಿದವನ ಕೈ ಎಷ್ಟು ನಂಬಿಕೆಯದ್ದಾಗಿರಬೇಕು!

ಬೆಸುಗೆಯ ಒಳಗನ್ನು ನೋಡಲು ಎಕ್ಸ್‌ರೇ ಬಂದು ತೊಂಬತ್ತು ವರ್ಷ ದಾಟಿತು. ನಮ್ಮ ಪೇಟೆಯ ವೆಲ್ಡರನ ಎದೆಗೆ ಎಕ್ಸ್‌ರೇ ಬರುವುದು ಕೆಮ್ಮು ಜಾಸ್ತಿಯಾಗಿ ಟಿಬಿ ಇರಬಹುದೇನೋ ಎಂಬ ಅನುಮಾನ ಹುಟ್ಟಿದಾಗ.

ಲಿಂಗನಮಕ್ಕಿಯ ನೀರು ನಿಂತಾಗ ಸಾವಿರಾರು ಸಂಸಾರಗಳು ಗದ್ದೆ, ತೋಟ, ಗುಡಿ, ಗೋರಿಗಳನ್ನು ಬಿಟ್ಟು ಎದ್ದು ಹೋದವು. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ಕಾಡಂಚುಗಳಲ್ಲಿ ಅವರನ್ನು ಇಳಿಸಿದರು. ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಹೋಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಲಾಂಚೇ ಗತಿಯಾಯಿತು. ಟಿಲ್ಲರಿನ ಒಂದು ಕಬ್ಬಿಣದ ಪಟ್ಟಿ ಮುರಿದರೂ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊಳೆಬಾಗಿಲಿಗೆ ಬಂದು, ಲಾಂಚಿಗೆ ಕಾದು, ಬಸ್ಸು ಹತ್ತಿ ಸಾಗರಕ್ಕೆ ಹೋಗಿ ಬೆಸೆಸಿಕೊಂಡು, ಸಂಜೆಯ ಕೊನೆಯ ಲಾಂಚಿನೊಳಗೆ ಮರಳಬೇಕಿತ್ತು. ಅದೇ ಲಾಂಚಿನಲ್ಲಿ ಬಾಣಂತಿಯರೂ ರೋಗಿಗಳೂ ಕಾಯುತ್ತಿದ್ದರು. ನೀರಿನಿಂದ ನಾಡಿಗೆಲ್ಲ ಕರೆಂಟು ಹೋಯಿತು. ಆ ನೀರಿನಂಚಿನ ಎಷ್ಟೋ ಮನೆಗಳಿಗೆ ದಶಕಗಳ ಕಾಲ ಕರೆಂಟು ಬರಲಿಲ್ಲ. ಬಂದ ಮೇಲೂ ಒಂದು ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ಚಾಲೂ ಮಾಡಿದರೆ ಸುತ್ತಲ ಮನೆಗಳ ಬಲ್ಬು ಕೆಂಪಗಾಗುತ್ತಿತ್ತು.

ಸಾಗರದ ಆ ಶಾಪುಗಳಲ್ಲಿ ಯಾರಿದ್ದರು? ಇದು ನನಗೆ ಬಹಳ ಮುಖ್ಯವೆನಿಸುವ ಪ್ರಶ್ನೆ. ಕುಲುಮೆ ಒಂದು ಜಾತಿಯ ಕೈಯಲ್ಲಿತ್ತು. ಆಚಾರರ ಮನೆಯಲ್ಲಿ ಹುಟ್ಟಿದವನು ಮಾತ್ರ ತಿದಿ ಒತ್ತಿ ಕಬ್ಬಿಣದ ಬಣ್ಣ ನೋಡಿ ಕಲಿಯುತ್ತಿದ್ದ. ವೆಲ್ಡಿಂಗ್ ಮೆಷಿನ್ನಿಗೆ ಕುಲ ಇರಲಿಲ್ಲ. ಆಚಾರರ ಮಕ್ಕಳ ಜೊತೆಗೆ ಸಾಬರ ಹುಡುಗರು, ದೀವರ ಹುಡುಗರು, ದಲಿತ ಕೇರಿಯ ಹುಡುಗರು, ಮುಳುಗಡೆಯಲ್ಲಿ ಭೂಮಿ ಕಳೆದುಕೊಂಡವರ ಮಕ್ಕಳು ಹೋಲ್ಡರ್ ಹಿಡಿದರು. ಮುಂಬಯಿಯ ಅಡ್ವಾಣಿ ಮತ್ತು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸೇರಿ 1951ರಲ್ಲಿ ಕಟ್ಟಿದಂಥ ಕಂಪನಿಗಳಿಂದ ರಾಡುಗಳು ಇಲ್ಲೇ ತಯಾರಾಗಿ ಸಣ್ಣ ಪೇಟೆಗಳವರೆಗೆ ಬಂದವು. ಐಟಿಐಗಳಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ್ದು. ಆದರೆ ಹೆಚ್ಚಿನವರು ಆ ಬಾಗಿಲು ಕಂಡವರಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಸ್ತಾದರ ಕೈಕೆಳಗೆ ಶಾಗಿರ್ದ್ ಆಗಿ ಸೇರಿದವರು. ಮೊದಲ ವರ್ಷ ಕಿಟ್ಟ ಕೆರೆಯುವುದು, ಚಹಾ ತರುವುದು. ಎರಡನೆಯ ವರ್ಷ ಗ್ರೈಂಡರ್. ಆಮೇಲೆ ಒಂದು ದಿನ ಉಸ್ತಾದ್, "ಲೇ, ಇಲ್ಲಿ ಬಾ, ಈ ಗೇಟಿನ ಮೂಲೆಗೆ ಒಂದು ಚುಕ್ಕೆ ಇಡು" ಎನ್ನುತ್ತಾರೆ.

ಆ ಕಲಿಕೆಯನ್ನು ಹಗುರವಾಗಿ ಕಾಣಬಾರದು. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಇರಬೇಕಾದ ಅಂತರ ರಾಡಿನ ದಪ್ಪದಷ್ಟೇ. ಹತ್ತು ನಂಬರಿನ ರಾಡಾದರೆ ಮೂರು ಮಿಲಿಮೀಟರ್ ಚಿಲ್ಲರೆ. ರಾಡು ಕ್ಷಣಕ್ಷಣಕ್ಕೂ ಗಿಡ್ಡವಾಗುತ್ತಿರುತ್ತದೆ, ಕೈ ಅಷ್ಟೇ ವೇಗದಲ್ಲಿ ಇಳಿಯಬೇಕು. ಸರಿಯಿದೆಯೇ ಎಂದು ಉಸ್ತಾದ್ ನೋಡಿ ಹೇಳುವುದಿಲ್ಲ, ಕೇಳಿ ಹೇಳುತ್ತಾರೆ: ಬಾಣಲೆಯಲ್ಲಿ ಸಂಡಿಗೆ ಕರಿದ ಹಾಗೆ ಒಂದೇ ಸಮ ಸದ್ದು ಬರಬೇಕು. ಸದ್ದು ಸಿಡಿಸಿಡಿ ಎಂದರೆ ಅಂತರ ಜಾಸ್ತಿಯಾಗಿ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಮಲೆನಾಡಿಗೇ ಸೇರಿದ ವಿದ್ಯೆಯೊಂದೂ ಇದೆ. ಇಲ್ಲಿನ ಮಳೆಗಾಲದಲ್ಲಿ ರಾಡಿನ ಲೇಪ ತೇವ ಕುಡಿಯುತ್ತದೆ. ಆ ತೇವದಿಂದ ಹೊರಟ ಜಲಜನಕ ಬೆಸುಗೆಯೊಳಗೆ ಕುಳಿತು, ಕೆಲವೊಮ್ಮೆ ಮಾರನೆಯ ದಿನ ಬಿರುಕು ತೋರಿಸುತ್ತದೆ. ಅದಕ್ಕೆಂದೇ ಗಟ್ಟಿ ಕೆಲಸದ ರಾಡುಗಳನ್ನು ಮುನ್ನೂರು ಡಿಗ್ರಿಗೂ ಮೇಲಿನ ಶಾಖದ ಗೂಡಿನಲ್ಲಿ ಒಣಗಿಸಬೇಕೆಂದು ಶಾಸ್ತ್ರ ಹೇಳುತ್ತದೆ. ಆಗುಂಬೆಯ ಮಳೆ ಬೀಳುವ ತಾಲ್ಲೂಕಿನಲ್ಲಿ ಆ ಗೂಡು ಇಟ್ಟ ಶಾಪು ಎಷ್ಟಿವೆ ಎಂದು ಕೇಳಬೇಡಿ. ಸಿಓಟೂ ವೆಲ್ಡಿಂಗ್ ಬಯಲಿನಲ್ಲಿ ಏಕೆ ಆಗದು ಎಂಬುದೂ ಇಲ್ಲಿಯ ಗಾಳಿಗೇ ಗೊತ್ತು. ಬೀಸುಗಾಳಿ ಹೊದಿಕೆಯ ಗ್ಯಾಸನ್ನು ಹೊತ್ತುಕೊಂಡು ಹೋಗುತ್ತದೆ, ಬೆಸುಗೆ ಜೇನುಹಟ್ಟಿಯಂತೆ ತೂತು ಬೀಳುತ್ತದೆ.

ಹೀಗೆ ಕರಗಿದ ಲೋಹಕ್ಕೆ ನಾಲ್ಕೂ ಕಡೆಯಿಂದ ರಕ್ಷಣೆ. ಅದರ ಮೇಲೆ ಬಗ್ಗಿ ನಿಂತವನಿಗೆ? ಆರ್ಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪೊರೆಯನ್ನು ಸುಡುತ್ತದೆ. ಸುಟ್ಟದ್ದು ಆಗ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ತಾಸು ಕಳೆದು ನಡುರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ಎಬ್ಬಿಸುತ್ತದೆ. ಆಗ ಮನೆಯವರು ಆಲೂಗಡ್ಡೆ ಹೋಳು ಕಟ್ಟುತ್ತಾರೆ, ಕೆಲವರು ಹಾಲು ಬಿಡುತ್ತಾರೆ. ತಂಪಾಗುತ್ತದೆ, ನಿಜ. ಆದರೆ ಗಾಯವನ್ನು ವಾಸಿ ಮಾಡುವುದು ದೇಹವೇ, ಒಂದೆರಡು ದಿನದಲ್ಲಿ. ಪೊರೆ ಸುಲಿದ ಕಣ್ಣಿಗೆ ಹಾಲು ಬಿಟ್ಟರೆ ಸೋಂಕು ತಗಲುವ ಭಯವೇ ಹೆಚ್ಚು. ಪೇಟೆಯಲ್ಲಿ ಸಿಗುವ ಕಾಲಾ ಚಶ್ಮಾ ಸಾಲದು. ರಾಡ್ ವೆಲ್ಡಿಂಗಿಗೆ ಹತ್ತರಿಂದ ಹನ್ನೆರಡು ನಂಬರಿನ ಕಪ್ಪು ಗಾಜು, ಅದೂ ಮುಖ ಕುತ್ತಿಗೆಗಳನ್ನು ಮುಚ್ಚುವ ಮರೆಯಲ್ಲಿ ಕೂರಿಸಿದ್ದು ಬೇಕು. ಹತ್ತಿರ ನಿಂತು ಕಬ್ಬಿಣ ಹಿಡಿದುಕೊಳ್ಳುವ ಹುಡುಗನಿಗೂ ಬೇಕು; ಕಣ್ಣು ಸುಡಿಸಿಕೊಳ್ಳುವವನು ಹೆಚ್ಚಾಗಿ ಅವನೇ.

ಜಿಐ ಪೈಪು, ಜಿಂಕ್ ಶೀಟು ಬೆಸೆದ ದಿನ ಸಂಜೆ ಚಳಿಜ್ವರ ಬರುವುದನ್ನು ಶಾಪಿನವರು ಬಲ್ಲರು. ಸತುವಿನ ಹೊಗೆಯ ಜ್ವರ ಅದು. ಬೆಳಗಾಗುವಷ್ಟರಲ್ಲಿ ಇಳಿಯುವುದರಿಂದ ಮಳೆಯಲ್ಲಿ ನೆನೆದದ್ದಕ್ಕೆ ಬಂತು ಎಂದುಕೊಳ್ಳುತ್ತಾರೆ. ಹಾಲು ಕುಡಿದರೆ ಹೊಗೆ ತೊಳೆದು ಹೋಗುತ್ತದೆ ಎಂಬ ನಂಬಿಕೆ ಇದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಪುಪ್ಪುಸಕ್ಕೆ. ಬೆಸೆಯುವ ಜಾಗದ ಸತುವಿನ ಲೇಪವನ್ನು ಮೊದಲೇ ಉಜ್ಜಿ ತೆಗೆಯುವುದು, ಹೊಗೆ ಮುಖಕ್ಕೆ ಬಾರದಂತೆ ಗಾಳಿಯ ದಿಕ್ಕು ನೋಡಿ ನಿಲ್ಲುವುದು, ಪಕ್ಕದಿಂದ ಒಂದು ಫ್ಯಾನ್ ಇಡುವುದು ಇದಕ್ಕಿಂತ ಸಾವಿರ ಪಾಲು ಮೇಲು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಎಲ್ಲ ಬಗೆಯ ವೆಲ್ಡಿಂಗ್ ಹೊಗೆಯನ್ನೂ, ಆರ್ಕಿನ ಅತಿನೇರಳೆ ಕಿರಣವನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವವುಗಳ ಮೊದಲ ವರ್ಗದಲ್ಲಿ ಸೇರಿಸಿತು. ತಂಬಾಕಿರುವುದೂ ಅದೇ ವರ್ಗದಲ್ಲಿ. ಬೀಡಿ ಕಟ್ಟಿನ ಮೇಲೆ ಚಿತ್ರ ಸಮೇತ ಎಚ್ಚರಿಕೆ ಇದೆ. ರಾಡಿನ ಡಬ್ಬಿಯ ಮೇಲಿನದು ಇಂಗ್ಲಿಷಿನಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ.

ಆರ್ಗಾನಿನವರು ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿ ಮಸೆಯುವುದನ್ನು ನೋಡಿರಬಹುದು. ಅದರಲ್ಲಿ ಶೇ. 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ, ಅದು ವಿಕಿರಣ ಸೂಸುವ ವಸ್ತು. ಮಸೆದ ಧೂಳು ಮೂಗಿಗೆ ಹೋಗಬಾರದು. ಲ್ಯಾಂಥನಮ್ ಬೆರೆಸಿದ ಕಡ್ಡಿ ಅದೇ ಕೆಲಸ ಮಾಡುತ್ತದೆ. ಆರ್ಗಾನೂ ಕಾರ್ಬನ್ ಡೈಆಕ್ಸೈಡೂ ಗಾಳಿಗಿಂತ ಭಾರ. ಟ್ಯಾಂಕಿನೊಳಗೆ ಇಳಿದು ಬೆಸೆಯುವಾಗ ಅವು ತಳದಲ್ಲಿ ತುಂಬಿ ಉಸಿರಾಡುವ ಗಾಳಿಯನ್ನು ಹೊರಗೆ ತಳ್ಳುತ್ತವೆ. ವಾಸನೆಯಿಲ್ಲ, ಬಣ್ಣವಿಲ್ಲ, ಮನುಷ್ಯ ಸದ್ದಿಲ್ಲದೆ ಕುಸಿಯುತ್ತಾನೆ. ಎತ್ತಲು ಇಳಿದ ಎರಡನೆಯವನೂ ಅಷ್ಟೇ. ಖಾಲಿ ಡೀಸೆಲ್ ಡ್ರಮ್ಮಂತೂ ತುಂಬಿದ ಡ್ರಮ್ಮಿಗಿಂತ ಅಪಾಯ, ಒಳಗೆ ಉಳಿದ ಆವಿ ಕಿಡಿಗೆ ಕಾಯುತ್ತಿರುತ್ತದೆ. ಚೆನ್ನಾಗಿ ತೊಳೆದು, ಬೆಸೆಯುವ ಜಾಗದವರೆಗೆ ನೀರು ತುಂಬಿಸಿಯೇ ರಾಡ್ ತಾಗಿಸಬೇಕು. ಗ್ಯಾಸಿನವರಿಗೆ ಆಮ್ಲಜನಕದ ಸಿಲಿಂಡರ್ ಕಪ್ಪು, ಅಸಿಟಿಲೀನಿನದು ಕಂದುಗೆಂಪು ಎಂಬುದು ಬಾಯಿಪಾಠ. ಆಮ್ಲಜನಕದ ವಾಲ್ವಿಗೆ ಎಣ್ಣೆ ಕೈ ತಾಗಿಸಬಾರದು, ಅಸಿಟಿಲೀನನ್ನು ಮಲಗಿಸಬಾರದು ಎಂಬುದನ್ನು ಮಾತ್ರ ಅವಸರದಲ್ಲಿ ಮರೆಯುತ್ತಾರೆ. ಇನ್ನು ಕರೆಂಟು. ಮೆಷಿನ್ನಿನ ಹೋಲ್ಡರಿನಲ್ಲಿ ಆರ್ಕ್ ಹೊತ್ತದಾಗ ಎಂಬತ್ತು ವೋಲ್ಟಿನವರೆಗೆ ಇರುತ್ತದೆ. ಒಣ ಕೈಗೆ ಅದು ಚುರುಕು. ಆಷಾಢದಲ್ಲಿ ಒದ್ದೆ ನೆಲದ ಮೇಲೆ, ಬೆವರಿದ ಮೈಯಲ್ಲಿ, ಹವಾಯಿ ಚಪ್ಪಲಿಯಲ್ಲಿ ನಿಂತವನಿಗೆ ಸಾವಾಗಬಹುದು.

ಇದೆಲ್ಲ ಗೊತ್ತಿಲ್ಲದ ವಿಷಯವಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಕಣ್ಣಿನ ರಕ್ಷಣೆಗೆ ಕಲಮು ಇತ್ತು, ಹೊಗೆಗೆ ಇತ್ತು. ಆದರೆ ಕರೆಂಟು ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. 2020ರ ಹೊಸ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಸಾಗರದ ಶಾಪಿನಲ್ಲಿರುವುದು ಉಸ್ತಾದ್, ಇಬ್ಬರು ಹುಡುಗರು. ಕಾಯ್ದೆಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ಉಸ್ತಾದರೂ ಕೆಟ್ಟವರಲ್ಲ, ಅವರಿಗೆ ಅವರ ಉಸ್ತಾದ್ ಬರಿಗಣ್ಣಿನಲ್ಲೇ ಚುಕ್ಕೆ ಇಡಲು ಕಲಿಸಿದ್ದು, ಅದನ್ನೇ ಧೈರ್ಯ ಎಂದು ತಿಳಿದದ್ದು.

14 ಜುಲೈ 2025ರಂದು ಹೊಳೆಬಾಗಿಲಿನ ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್ ಉದ್ದ. ಕಂಬಗಳಿಂದ ಇಳಿದ ಉಕ್ಕಿನ ಕೇಬಲ್ಲುಗಳು ಅದರ ಭಾರ ಹೊತ್ತಿವೆ. ಆ ಕೇಬಲ್ಲುಗಳನ್ನು ವೆಲ್ಡ್ ಮಾಡುವ ಹಾಗಿಲ್ಲ ಎಂಬುದು ಈ ಕಥೆಯಲ್ಲಿ ಸ್ವಾರಸ್ಯದ ಸಂಗತಿ. ತಣ್ಣಗೆ ಎಳೆದು ಎಳೆದು ಬಲ ತುಂಬಿದ ತಂತಿ ಅದು. ಆರ್ಕಿನ ಒಂದು ಸೋಂಕು ಸಾಕು, ಆ ಬಲ ಅಲ್ಲಿಯೇ ಕರಗಿ ಹೋಗುತ್ತದೆ. ಹೀಗಾಗಿ ಅಂಥ ತಂತಿಗಳ ಹತ್ತಿರ ವೆಲ್ಡಿಂಗ್ ಕಿಡಿ ಹಾರದಂತೆ ಕಾಯುತ್ತಾರೆ.

ಈಗ ತುಮರಿಯವರು ಮುರಿದ ಕಬ್ಬಿಣ ಹೊತ್ತು ಲಾಂಚಿಗೆ ಕಾಯಬೇಕಿಲ್ಲ. ಎಣ್ಣೆ ತುಂಬಿದ ಭಾರದ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಹತ್ತು ಕಿಲೋ ಒಳಗಿನ ಇನ್ವರ್ಟರ್ ಮೆಷಿನ್ ಬಂದಿದೆ. ಫೋನ್ ಮಾಡಿದರೆ ಹುಡುಗ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಸೇತುವೆಯ ಮೇಲೆ ನಾಲ್ಕು ನಿಮಿಷದಲ್ಲಿ ದಾಟಿ ಬರುತ್ತಾನೆ. ಅಡಿಕೆ ತೋಟದ ಗೇಟು, ಕೊಟ್ಟಿಗೆಯ ಚಾವಣಿ, ಟಿಲ್ಲರಿನ ಪಟ್ಟಿ, ಎಲ್ಲ ಇದ್ದಲ್ಲೇ ಆಗುತ್ತದೆ. ಕೆಲಸ ಹೇಳುವವರು ರಾಡಿನ ದುಡ್ಡು, ಪೆಟ್ರೋಲಿನ ದುಡ್ಡು ಲೆಕ್ಕ ಹಾಕುವಾಗ ಒಂದು ಮಾತು ಕೇಳಬಹುದು: "ನಿನ್ನ ಮುಖದ ಮರೆ ಎಲ್ಲಿದೆಯಪ್ಪ, ಗಾಜು ಎಷ್ಟು ನಂಬರಿನದು?" ಅವನು ನಗುತ್ತಾನೆ, ಬ್ಯಾಗಿನಲ್ಲಿದೆ ಎನ್ನುತ್ತಾನೆ. ತೆಗೆದು ಹಾಕಿಕೊಳ್ಳುವವರೆಗೆ ಸ್ವಿಚ್ ಹಾಕದಿದ್ದರೆ ಆಯಿತು.